ವಿಶ್ರಾಂತಿಯೂ ಸಾಧನೆಯೇ



ಆಷಾಢ ಶುದ್ಧ ಏಕಾದಶಿಯಂದು ಶ್ರೀಹರಿಯು ಯೋಗನಿದ್ರೆಯನ್ನು ಸ್ವೀಕರಿಸಿ, ಕಾರ್ತಿಕ ಶುದ್ಧ ದ್ವಾದಶಿಯಂದು ಏಳುವನೆಂಬುದನ್ನು ನಾವೆಲ್ಲರೂ ಬಲ್ಲೆವು. ಚಾತುರ್ಮಾಸ್ಯದಲ್ಲಿ ಯತಿಗಳು ಸಂಚಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಗೃಹಸ್ಥರಾದ ನಾವು ಶಾಕ, ದಧಿ, ಕ್ಷೀರ, ದ್ವಿದಲ ವ್ರತಗಳನ್ನು ಕ್ರಮವಾಗಿ ಆಚರಿಸುತ್ತೇವೆ. ಆದರೆ ನಮ್ಮ ಓಟವು ಒಂದು ಗಳಿಗೆಯಾದರೂ ನಿಂತಿತೇ ಎಂದು ಕೇಳಿಕೊಂಡವರೆಷ್ಟು ಮಂದಿ?

ಗೃಹಸ್ಥರೊಬ್ಬರು ಪ್ರವಚನದ ಅನಂತರ ನಮ್ಮನ್ನು ಕೇಳಿದರು: "ಸುಮ್ಮನೆ ಕುಳಿತರೆ ಏನೋ ತಪ್ಪು ಮಾಡಿದಂತೆ ಮನಸ್ಸು ಚುಚ್ಚುತ್ತದೆ. ವಿಶ್ರಾಂತಿ ಎಂದರೆ ಆಲಸ್ಯವೇ ಅಲ್ಲವೇ?" ಈ ಪ್ರಶ್ನೆ ಇಂದು ಮನೆಮನೆಯದು. ಇದಕ್ಕೆ ಉತ್ತರವನ್ನು ಶಾಸ್ತ್ರದಲ್ಲಿಯೇ ಹುಡುಕೋಣ.

ಮಾಡಬೇಕಾದ ಕರ್ಮವನ್ನು ಬಿಡುವುದು ಆಲಸ್ಯ. ಕರ್ಮಕ್ಕೆ ಯೋಗ್ಯನಾಗಲು ನಿಲ್ಲುವುದು ವಿಶ್ರಾಂತಿ. ಅತಿಯಾಗಿ ಮಲಗುವವನಿಗೂ ಯೋಗವಿಲ್ಲ, ಅತಿಯಾಗಿ ಎಚ್ಚರವಿರುವವನಿಗೂ ಯೋಗವಿಲ್ಲವೆಂದು ಭಗವಂತನು ಗೀತೆಯ 6ನೆಯ ಅಧ್ಯಾಯದಲ್ಲಿ ಅರ್ಜುನನಿಗೆ ಉಪದೇಶಿಸಿದ್ದಾನೆ. ಆಹಾರ, ವಿಹಾರ, ಕರ್ಮ, ನಿದ್ರೆ, ಎಚ್ಚರ ಇವೆಲ್ಲವೂ ಮಿತವಾಗಿರಬೇಕೆಂಬುದೇ ಅವನ ಆಜ್ಞೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಎಚ್ಚರದಲ್ಲಿ ವಿಶ್ವನಾಗಿ, ಸ್ವಪ್ನದಲ್ಲಿ ತೈಜಸನಾಗಿ, ಸುಷುಪ್ತಿಯಲ್ಲಿ ಪ್ರಾಜ್ಞನಾಗಿ ಜೀವನನ್ನು ನಿಯಮಿಸುವವನು ಶ್ರೀಹರಿಯೇ ಎಂದು ಶ್ರೀಮದಾಚಾರ್ಯರು ಮಾಂಡೂಕ್ಯಭಾಷ್ಯದಲ್ಲಿ ತಿಳಿಸಿದ್ದಾರೆ. ಗಾಢನಿದ್ರೆಯಲ್ಲಿ ನಾವು ಆ ಪ್ರಾಜ್ಞನ ಆಶ್ರಯದಲ್ಲಿರುತ್ತೇವೆ. ದೋಷರಹಿತನಾದ ಅವನಿಗೆ ಆಯಾಸವೆಂಬುದಿಲ್ಲ. ಅಸ್ವತಂತ್ರರಾದ ನಮಗೆ ಉಂಟು. "ನಾನು ನಿಂತರೆ ಎಲ್ಲವೂ ನಿಂತೀತು" ಎಂಬ ಭಯದ ಬುಡದಲ್ಲಿರುವುದು ಸ್ವತಂತ್ರಕರ್ತೃತ್ವದ ಅಭಿಮಾನವಲ್ಲವೇ? ನಾವು ಮಲಗಿದಾಗಲೂ ನಮ್ಮ ಉಸಿರು ನಡೆಯುತ್ತದೆ. ಅದನ್ನು ನಡೆಸುವವರು ನಾವಲ್ಲ.

ದಕ್ಷಸ್ಮೃತಿಯು ಹಗಲನ್ನು 8 ಭಾಗಗಳನ್ನಾಗಿ ವಿಂಗಡಿಸುತ್ತದೆ. 12 ಗಂಟೆಗಳ ಹಗಲಿನಲ್ಲಿ ಒಂದೊಂದು ಭಾಗ ಒಂದೂವರೆ ಗಂಟೆ. ಅದರಲ್ಲಿ ಕುಟುಂಬಪೋಷಣೆಯ ಸಂಪಾದನೆಗೆ 3ನೆಯ ಭಾಗವನ್ನು ಹೇಳಿ, ಊಟದ ಅನಂತರದ 6 ಮತ್ತು 7ನೆಯ ಭಾಗಗಳನ್ನು ಇತಿಹಾಸಪುರಾಣಗಳಿಗೆ ಮೀಸಲಿರಿಸಿದೆ. ಇಂದಿನ ನೌಕರಿಯಲ್ಲಿ ಆ ಕ್ರಮವು ಅಕ್ಷರಶಃ ಸಾಧ್ಯವಿಲ್ಲವೆಂಬುದು ನಿಜ. ಆದರೆ ಸಂಪಾದನೆಯೊಂದೇ ದಿನವನ್ನೆಲ್ಲ ನುಂಗಬಾರದೆಂಬ ತಾತ್ಪರ್ಯವು ಇಂದಿಗೂ ಸಲ್ಲುತ್ತದೆ.

ಇಲ್ಲಿ ಗೃಹಿಣಿಯರ ವಿಷಯವನ್ನು ಹೇಳದಿದ್ದರೆ ನಮ್ಮ ಮಾತು ಅಪೂರ್ಣ. ಉಪವಾಸವೆಂದರೆ ಭಗವಂತನ ಸಮೀಪದಲ್ಲಿ ವಾಸ. ಏಕಾದಶಿಯಂದು ಒಲೆಗೂ ಬಿಡುವು, ಒಲೆಯ ಮುಂದೆ ನಿಲ್ಲುವವರಿಗೂ ಬಿಡುವು. ಆದರೆ ಎಷ್ಟೋ ಮನೆಗಳಲ್ಲಿ ಫಲಾಹಾರದ ಹೆಸರಿನಲ್ಲಿ ಆ ದಿನವೇ ಬಗೆಬಗೆಯ ತಿಂಡಿಗಳಾಗುತ್ತವೆ! ಮರುದಿನ ದ್ವಾದಶಿಯ ಪಾರಣೆಗೆ ನಸುಕಿನಲ್ಲಿ ಮಡಿಯುಟ್ಟು ನಿಲ್ಲುವವಳೂ ಆ ತಾಯಿಯೇ. ನಮ್ಮ ವ್ರತವು ಅವಳ ವಿಶ್ರಾಂತಿಯನ್ನು ಕಸಿದುಕೊಂಡರೆ ಅದರ ಫಲವೆಷ್ಟೆಂದು ಗಂಡಸರು ವಿಚಾರಿಸಲಿ. ಏಕಾದಶಿಯಂದು ನಿಜವಾಗಿ ಉಪವಾಸವಿರೋಣ. ಅಶಕ್ತರಿಗೆ ಹಾಲು ಹಣ್ಣು ಸಾಕು. ದ್ವಾದಶಿಯಂದು ಕೈಲಾದ ಕೆಲಸವನ್ನು ಎಲ್ಲರೂ ಹಂಚಿಕೊಳ್ಳೋಣ.

ನಮ್ಮಲ್ಲಿಯೂ ದೋಷವಿಲ್ಲದಿಲ್ಲ. ಬಿಡುವನ್ನು ಕುರಿತು ಪ್ರವಚನ ಮಾಡಿ ಪೀಠದಿಂದ ಇಳಿಯುವ ಮೊದಲೇ ನಮ್ಮ ಕೈ ಮೊಬೈಲನ್ನು ಹುಡುಕುತ್ತದೆ! ಆದ್ದರಿಂದ ಈ ಚಾತುರ್ಮಾಸ್ಯಕ್ಕೆ ನಾವೂ ನೀವೂ ಕೂಡಿ ಒಂದು ಸಣ್ಣ ನಿಯಮವನ್ನು ಹಿಡಿಯೋಣ. ಒಂದು ಗಳಿಗೆಯೆಂದರೆ 24 ನಿಮಿಷಗಳು. ದೇವರ ದೀಪ ಹಚ್ಚಿದ ಮೇಲೆ ಅಷ್ಟು ಹೊತ್ತು ಮೊಬೈಲನ್ನು ದೂರವಿಟ್ಟು ಮನೆಯವರೆಲ್ಲರೂ ಒಟ್ಟಿಗೆ ಕುಳಿತುಕೊಳ್ಳೋಣ. ದೇವರನಾಮ ಬಂದರೆ ಹಾಡೋಣ. ಇಲ್ಲವಾದರೆ ಹಿರಿಯರ ಮಾತನ್ನು ಕೇಳೋಣ. ಅದೂ ಇಲ್ಲವಾದರೆ ಸುಮ್ಮನಿರೋಣ. ಆ ಮೌನವನ್ನೂ ಅವನಿಗೇ ಅರ್ಪಿಸೋಣ.

ಉಳಿದೆಲ್ಲ ಗಳಿಗೆಗಳನ್ನು ನಡೆಸುವವನು ಅವನೇ ಎಂಬ ಅರಿವು ಆ ಒಂದು ಗಳಿಗೆಯಲ್ಲಿ ನೆಲೆಗೊಳ್ಳಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥