ಪರಭಾಷೆಯ ಓದು ಯಾವ ಉಪಯೋಗಕ್ಕೆ?

ಹುನಗುಂದ-ಇಳಕಲ್ಲ ಸೀಮೆಯ ಮರೋಳದಂತಹ ಊರಿನಲ್ಲಿ ಪದವಿ ಮುಗಿಸಿದ ಮಗಳೊಬ್ಬಳು, ಫ್ರೆಂಚ್ ಭಾಷೆ ಕಲಿತು ಅದರಲ್ಲೇ ಎಂ.ಎ. ಮಾಡುತ್ತೇನೆಂದು ಮನೆಯಲ್ಲಿ ಹೇಳಿದಳೆಂದು ಭಾವಿಸಿರಿ. "ಅದನ್ನ ಕಲ್ತು ಏನ್ ಮಾಡ್ತಿ, ತಂಗಿ?" ಎಂದು ತಂದೆ ಕೇಳದೆ ಇರಲಾರ. ಎರೆಹೊಲದ ಜೋಳವನ್ನೋ ಮಗ್ಗದ ಕೂಲಿಯನ್ನೋ ನಂಬಿದ ಕುಟುಂಬಕ್ಕೆ ಹೈದರಾಬಾದಿನಲ್ಲೋ ಪುದುಚೇರಿಯಲ್ಲೋ ಮಗಳನ್ನು ಓದಿಸುವುದು ಸಣ್ಣ ಭಾರವಲ್ಲ. ಆದ್ದರಿಂದ ಆ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕಬಾರದು. ಅದಕ್ಕೆ ಪ್ರಾಮಾಣಿಕ ಉತ್ತರ ಸಲ್ಲಬೇಕು.

ಬೋಧನೆ, ಅನುವಾದ, ಕಂಪನಿಗಳ ಕೆಲಸ ಎಂಬ ಉತ್ತರ ಸುಳ್ಳಲ್ಲ. ಆದರೆ ಅದು ಪೂರ್ಣವೂ ಅಲ್ಲ. ಕೆಲಸ ಸಿಗದಿದ್ದರೆ ಆ ಕಲಿಕೆ ವ್ಯರ್ಥವಾಯಿತೇ? ಸಂಪಾದನೆಯೊಂದೇ ವಿದ್ಯೆಯ ಅಳತೆಗೋಲೇ?

ನಮ್ಮ ಅನೇಕ ಮನೆಗಳ ಗೋಡೆಯ ಮೇಲೆ ಲಿಸಿಯದ ಸಂತ ತೆರೇಸಮ್ಮನವರ ಚಿತ್ರವಿದೆ. 1897ರಲ್ಲಿ, ತಮ್ಮ 24ನೆಯ ವಯಸ್ಸಿನಲ್ಲಿ ತೀರಿಕೊಂಡ ಆ ಕನ್ಯಾಸ್ತ್ರೀ ಬರೆದಿದ್ದು ಫ್ರೆಂಚಿನಲ್ಲಿ. ಅವರ ಆತ್ಮಕಥೆ ಮರುವರ್ಷ ಪ್ರಕಟವಾಯಿತು. ಫ್ರಾನ್ಸಿನ ಒಂದು ಮಠದ ಕೋಣೆಯೊಳಗಿನ ಮಾತು ಜಗತ್ತನ್ನು ಮುಟ್ಟಿದ್ದು ಯಾರೋ ಆ ಭಾಷೆಯನ್ನು ಶ್ರಮಪಟ್ಟು ಕಲಿತು ಹೊರಗೆ ತಂದುದರಿಂದ. ಅಂತೆಯೇ ಫ್ರೆಂಚ್ ಧರ್ಮಪ್ರಚಾರಕರು ನಮ್ಮ ಕನ್ನಡವನ್ನು ಕಲಿತರು. ಮೈಸೂರು ಪ್ರಾಂತದ ಧರ್ಮಾಧ್ಯಕ್ಷರಾಗಿದ್ದ ಶಾರ್ಬೊನೊ ಅವರ ಕಾಲದಲ್ಲಿ, 1855ರಲ್ಲಿ, ಕನ್ನಡ-ಲ್ಯಾಟಿನ್ ನಿಘಂಟು ಬೆಂಗಳೂರಿನಲ್ಲಿ ಅಚ್ಚಾಯಿತು. ಅವರ ಊರಿನವರೂ "ಕನ್ನಡ ಕಲಿತು ಏನು ಮಾಡುತ್ತೀ?" ಎಂದು ಕೇಳಬಹುದಿತ್ತಲ್ಲವೇ?

ಆದರೂ ಭಾಷೆ ಬಂದ ಮಾತ್ರಕ್ಕೆ ಮನುಷ್ಯ ಒಳ್ಳೆಯವನಾಗುವುದಿಲ್ಲ. ಫ್ರಾನ್ಸಿನ ಗುರು ಅಬ್ಬೆ ದ್ಯುಬುವಾ 1792ರಲ್ಲಿ ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಯಲ್ಲಿ ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದರು. ಇಲ್ಲಿನವರಂತೆಯೇ ಉಟ್ಟು ಉಂಡು ಬಾಳಿದರು. ಸಿಡುಬಿನ ಲಸಿಕೆ ಹಾಕಿಸಿದರು. ಹಿಂದೂಗಳ ಆಚಾರವಿಚಾರಗಳನ್ನು ಕುರಿತ ಅವರ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಗಿ ಪ್ರಸಿದ್ಧವಾಯಿತು. ಆದರೆ ಅದರ ಬಹುಭಾಗಕ್ಕೆ ಆಧಾರ, ಅವರಿಗಿಂತ ಹಿಂದೆ ಬಾಳಿದ ಯೇಸುಸಭೆಯ ಗುರು ಕರ್ದೂ ಅವರ ಬರಹವೆಂದು ಸಿಲ್ವಿಯಾ ಮ್ಯೂರ್ ಎಂಬ ವಿದುಷಿ 1987ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿಕೊಟ್ಟರು. ಹಳೆಯ ಫ್ರೆಂಚ್ ಹಸ್ತಪ್ರತಿಗಳನ್ನು ತಾಳ್ಮೆಯಿಂದ ಓದಬಲ್ಲವರು ಇದ್ದುದರಿಂದಲೇ ಮರೆತುಹೋದ ಒಬ್ಬನ ಶ್ರಮಕ್ಕೆ ಎರಡು ಶತಮಾನಗಳ ಬಳಿಕ ನ್ಯಾಯ ದೊರೆಯಿತು. ಉಪಯೋಗವಿಲ್ಲವೆಂದು ತೋರುವ ಓದು ಸತ್ಯಕ್ಕೆ ಸಾಕ್ಷಿಯಾಗುವ ಬಗೆ ಇದು.

ಫ್ರಾನ್ಸಿನ ಚಿಂತಕಿ ಸಿಮೋನ್ ವೇಯ್ (1909-1943) ಯೆಹೂದ್ಯ ಮನೆತನದಲ್ಲಿ ಹುಟ್ಟಿ ಕ್ರಿಸ್ತರತ್ತ ಸೆಳೆಯಲ್ಪಟ್ಟವರು. ಭಗವದ್ಗೀತೆಯನ್ನು ಓದಲೆಂದೇ ಸಂಸ್ಕೃತ ಕಲಿತವರು. ಶಾಲೆಯ ಪಾಠಗಳ ನಿಜವಾದ ಫಲ ಅಂಕಗಳಲ್ಲ, ಏಕಾಗ್ರತೆಯ ಅಭ್ಯಾಸ ಎಂಬುದು ಅವರ ವಿಚಾರ. ಆ ಏಕಾಗ್ರತೆಯೇ ಪ್ರಾರ್ಥನೆಯ ತಿರುಳು. ನೊಂದವನ ಮಾತನ್ನು ಕಿವಿಗೊಟ್ಟು ಕೇಳಲು ಬೇಕಾದುದೂ ಅದೇ. ಪರಭಾಷೆ ಕಲಿಯುವವನು ತನ್ನ ಮಾತನ್ನು ತಡೆದು ಇನ್ನೊಬ್ಬನ ಮಾತಿಗೆ ಕಾಯಬೇಕಾಗುತ್ತದೆ. ಇದು ದೀನತೆಯ ಪಾಠ.

ಹಾಗೆಂದು ಹೊಲ ಮಾರಿ, ಸಾಲ ಮಾಡಿ, ತಮ್ಮತಂಗಿಯರ ಓದನ್ನು ನಿಲ್ಲಿಸಿ ಓದಬೇಕೆಂದಲ್ಲ. ವಿದ್ಯಾರ್ಥಿವೇತನವನ್ನು ವಿಚಾರಿಸಿರಿ, ಬಲ್ಲವರನ್ನು ಕೇಳಿರಿ, ಮನೆಯವರೆಲ್ಲ ಕುಳಿತು ಪ್ರಾರ್ಥಿಸಿ ನಿರ್ಧರಿಸಿರಿ. ಆದರೆ "ಎಷ್ಟು ಸಂಬಳ?" ಎಂಬುದರ ಜೊತೆಗೆ "ಈ ಓದಿನಿಂದ ನೀನು ಯಾರ ಮಾತನ್ನು ಕೇಳಬಲ್ಲವಳಾಗುವಿ?" ಎಂದೂ ಮಗಳನ್ನು ಕೇಳಿರಿ. ಇಂದು ಕಾಂಗೋ, ಕ್ಯಾಮರೂನ್ ಮುಂತಾದ ಆಫ್ರಿಕದ ನಾಡುಗಳಲ್ಲಿ ಲಕ್ಷಾಂತರ ಕ್ರೈಸ್ತರು ಫ್ರೆಂಚಿನಲ್ಲಿಯೂ ಪ್ರಾರ್ಥಿಸುತ್ತಾರೆ. ಅವರೂ ನಮ್ಮ ಸಹೋದರರೇ.

ಕಲಿಯುವ ಮಕ್ಕಳಿಗೂ ಒಂದು ಮಾತು. ಪ್ಯಾರಿಸ್ಸಿನ ಕವಿಯ ಮಾತು ತಿಳಿದು, ಊರಿನ ಅಜ್ಜಿಯ ಮಾತು ಒರಟೆನಿಸಿದರೆ ಆ ಕಲಿಕೆ ಸೋತಿತು. ಪಂಚಾಶತ್ತಮ ಹಬ್ಬದ ದಿನ ಪವಿತ್ರಾತ್ಮರು ಎಲ್ಲರಿಗೂ ಒಂದೇ ಭಾಷೆಯನ್ನು ಕೊಡಲಿಲ್ಲ. ದೇವರ ಮಹತ್ಕಾರ್ಯಗಳನ್ನು ಪ್ರತಿಯೊಬ್ಬರೂ ತಮ್ಮ ತಾಯ್ನುಡಿಯಲ್ಲಿಯೇ ಕೇಳುವಂತೆ ಮಾಡಿದರು. ದೂರದ ಭಾಷೆ ನಮ್ಮ ಕಿವಿಯನ್ನು ತೆರೆಯಲಿ. ತೆರೆದ ಆ ಕಿವಿ ನೆರೆಮನೆಯ ದನಿಯನ್ನೂ ಕೇಳಲಿ.