ನಿಮಗೆ ಅಂತಲೇ ಕೊಯ್ದಿದ್ದು

ನಮ್ಮ ಸಿದ್ದಾಪುರದ ಕಡೆ ಮನೆಗೆ ಬೇಕಾದವರು ಬಂದರೆ ಕೋಳಿ ಕಜ್ಜಾಯ ಆಗಲೇಬೇಕು. ಕಜ್ಜಾಯ ಅಂದ ಕೂಡಲೇ ಬೆಂಗಳೂರಿನ ಗೆಳೆಯರು ಬೆಲ್ಲದ ಸಿಹಿತಿಂಡಿ ನೆನೆಸಿಕೊಂಡು ಮುಖ ಕಿವುಚುತ್ತಾರೆ. ಅದಲ್ಲ ಇದು. ನಮ್ಮನೆಯಲ್ಲಿ ಅಕ್ಕಿಹಿಟ್ಟು ಕಲಸಿ, ಬಾಳೆಎಲೆ ಮೇಲೆ ತಟ್ಟಿ, ಕಾದ ಎಣ್ಣೆಗೆ ಬಿಡುತ್ತಾರೆ. ಪೂರಿಯ ಹಾಗೆ ಉಬ್ಬಿ ಮೇಲೆ ಬರುತ್ತೆ. ಪಕ್ಕದ ಒಲೆಯಲ್ಲಿ ಹುರಿದ ಮಸಾಲೆ, ತೆಂಗಿನಕಾಯಿ ಹಾಕಿದ ಊರಕೋಳಿ ಸಾರು. ಊರಕೋಳಿ ಬೇಗ ಬೇಯೋ ಜಾತಿ ಅಲ್ಲ. ಹಾಗಾಗಿ ನೆಂಟರು ಹಸಿದುಕೊಂಡು ಅಂಗಳದಲ್ಲಿ ಕೂತು ಅಡಿಕೆ ರೇಟು, ಮಳೆ, ರಾಜಕೀಯ ಎಲ್ಲಾ ಮುಗಿಸಿರುತ್ತಾರೆ.

ಎಲೆ ಹಾಕಿದ ಮೇಲೆ ಒಂದು ಮಾತು ಬಂದೇ ಬರುತ್ತೆ: "ನಿಮಗೆ ಅಂತಲೇ ಕೊಯ್ದಿದ್ದು, ನಾಚ್ಕೊಬೇಡಿ."

ಚಿಕ್ಕಂದಿನಿಂದ ಕೇಳಿದ ಮಾತು. ಅದರಲ್ಲಿ ಏನಾದರೂ ಇದೆ ಅಂತ ನನಗೆ ಅನ್ನಿಸಿದ್ದೇ ಇಲ್ಲ, ನಮ್ಮ ಟೀಮಿನವರು ಉಂಚಳ್ಳಿ ಜಲಪಾತ ನೋಡೋಕೆ ಅಂತ ಬಂದು ನಮ್ಮನೆಯಲ್ಲಿ ಉಳಿಯುವವರೆಗೆ. ಅಮ್ಮ ಮೊದಲೇ ಫೋನಲ್ಲಿ ಕೇಳಿದ್ದಳು, "ಎಷ್ಟು ಜನ? ಎರಡು ಹುಂಜ ಸಾಕಾ?" ಬೆಳಿಗ್ಗೆ ಅಂಗಳದಲ್ಲಿ ಓಡಾಡುತ್ತಿದ್ದ ಕೆಂಪು ಹುಂಜದ ಫೋಟೋ ತೆಗೆದ ಹುಡುಗಿಯೇ ಮಧ್ಯಾಹ್ನ ಎಲೆ ಮುಂದೆ ಕೂತು ಕೇಳಿದಳು, "ಆಂಟಿ, ನಾವು ಬರದೇ ಇದ್ದಿದ್ರೆ ಅದು ಬದುಕ್ತಿತ್ತಾ?" ಅಮ್ಮ ಸಾರು ಬಡಿಸುತ್ತಾ ಹೇಳಿದಳು, "ಬದುಕ್ತಿತ್ತು ತಂಗಿ, ಮುಂದಿನ ನೆಂಟ್ರು ಬರೋವರೆಗೆ."

ಆ ಹುಡುಗಿಗೆ ಊಟ ಸೇರಲಿಲ್ಲ. ಅವಳೇನು ಸಸ್ಯಾಹಾರಿ ಅಲ್ಲ. ವಾರಕ್ಕೆ ಮೂರು ಸಲ ಆಫೀಸಿಗೆ ಬಿರಿಯಾನಿ ತರಿಸುವವಳು. ಕೋಳಿ ಸತ್ತಿದ್ದು ಅವಳಿಗೆ ತೊಂದರೆ ಆಗಿರಲಿಲ್ಲ, ತನಗೋಸ್ಕರ ಸತ್ತಿದ್ದು ತೊಂದರೆ ಆಗಿತ್ತು.

ಇದನ್ನು ಸಿಟಿಯವರ ನಾಜೂಕು ಅಂತ ನಕ್ಕುಬಿಡಬಹುದು. ಆದರೆ ಈ ವ್ಯತ್ಯಾಸ ಬಹಳ ಹಳೆಯದು. ಬುದ್ಧ ಭಿಕ್ಷುಗಳಿಗೆ ಮಾಂಸವನ್ನು ಪೂರ್ತಿ ಬೇಡ ಅನ್ನಲಿಲ್ಲ. ಇಟ್ಟ ಷರತ್ತು ಬೇರೆ: ಆ ಪ್ರಾಣಿಯನ್ನು ನಿನಗಾಗಿ ಕೊಂದದ್ದನ್ನು ನೀನು ಕಂಡಿರಬಾರದು, ಕೇಳಿರಬಾರದು, ಹಾಗೊಂದು ಅನುಮಾನವೂ ಇರಬಾರದು. ಪಾಲಿಯ ಜೀವಕ ಸುತ್ತದಲ್ಲಿ ಇದು ಬರುತ್ತೆ. ಅಶೋಕನ ಕಾಲದಲ್ಲಿ ರಕ್ಖಿತ ಅನ್ನೋ ಭಿಕ್ಷುವನ್ನು ವನವಾಸಕ್ಕೆ ಕಳಿಸಿದರು ಅಂತ ಮಹಾವಂಸ ಹೇಳುತ್ತೆ; ಆ ವನವಾಸವನ್ನು ಶಿರಸಿಯಿಂದ 20 ಚಿಲ್ಲರೆ ಕಿಲೋಮೀಟರ್ ದೂರದ ನಮ್ಮ ಬನವಾಸಿ ಅಂತ ಗುರುತಿಸುತ್ತಾರೆ. ಆ ಭಿಕ್ಷು ನಮ್ಮಂಥ ಮನೆಗೆ ಬಂದು, "ನಿಮಗೆ ಅಂತಲೇ ಕೊಯ್ದಿದ್ದು" ಅಂತ ಕೇಳಿಸಿಕೊಂಡಿದ್ದರೆ ಎಲೆ ಬಿಟ್ಟು ಏಳಬೇಕಾಗುತ್ತಿತ್ತು. ನಾವು ಪ್ರೀತಿಯಿಂದ ಹೇಳುವ ಮಾತೇ ಅವನ ಊಟ ಕೆಡಿಸುವ ಮಾತು.

ತಮಾಷೆ ಏನಂದ್ರೆ, ಆ ಮೂರೂ ಷರತ್ತನ್ನು ಇವತ್ತು ಚೆನ್ನಾಗಿ ಪಾಲಿಸುತ್ತಿರೋದು ನಮ್ಮ ಆ್ಯಪ್‌ಗಳು. ಬೋನ್‌ಲೆಸ್, ವ್ಯಾಕ್ಯೂಮ್ ಪ್ಯಾಕ್, ಅರ್ಧ ಗಂಟೆಯಲ್ಲಿ ಬಾಗಿಲಿಗೆ. ಕಂಡಿಲ್ಲ, ಕೇಳಿಲ್ಲ. ಆ ಕೋಳಿ ಯಾರಿಗೋಸ್ಕರವೂ ಸಾಯಲಿಲ್ಲ, ಡಿಮ್ಯಾಂಡಿಗೋಸ್ಕರ ಸತ್ತಿತು. ಸುಮಾರು 40 ದಿನ ಶೆಡ್ಡಿನಲ್ಲಿ ತಿಂದು 2 ಕೆಜಿ ಆಗುವುದೇ ಅದರ ಪೂರ್ತಿ ಆಯುಷ್ಯ. ಬಾತು, ಹೆಬ್ಬಾತುಗಳ ಗಂಟಲಿಗೆ ಕೊಳವೆ ಇಳಿಸಿ ತಿನ್ನಿಸಿ ಲಿವರ್ ಉಬ್ಬಿಸುವ ಫ್ವಾ ಗ್ರಾ ಆಮದನ್ನು ಭಾರತ 2014ರಲ್ಲಿ ನಿಷೇಧಿಸಿತು, ಒಳ್ಳೇದೇ ಆಯಿತು. ಆದರೆ ಅದನ್ನು ತಿನ್ನುತ್ತಿದ್ದವರು ಎಷ್ಟು ಜನ? ನಾವು ದಿನಾ ತಿನ್ನೋದರ ಬಗ್ಗೆ ಅಷ್ಟು ಸಲೀಸಾಗಿ ಕಾನೂನು ಬರೋದಿಲ್ಲ.

ನನ್ನ ಕೇಳಿದರೆ, ಯಾರಿಗೋಸ್ಕರವೂ ಅಲ್ಲದ ಸಾವೇ ಹೆಚ್ಚು ಕೆಟ್ಟದ್ದು. ನಮ್ಮ ಅಂಗಳದಲ್ಲಿ ಸಾಕಿದವಳು, ಕೊಯ್ದವನು, ಉಂಡವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಕೊಡೋಕೆ ಅಲ್ಲಿ ಒಬ್ಬಳಾದರೂ ಇದ್ದಳು.

ಹಾಗಂತ ಕಾರಣ ಹುಡುಕೋದರಲ್ಲಿ ಮನುಷ್ಯ ಬಲು ಜಾಣ. ನಮ್ಮ ಪ್ರಾಜೆಕ್ಟಿನ ಜರ್ಮನಿಯವನೊಬ್ಬ ನವೆಂಬರ್ 11ರ ಸೇಂಟ್ ಮಾರ್ಟಿನ್ ಹಬ್ಬದ ಊಟದ ಫೋಟೋ ಕಳಿಸಿದ್ದ. ಇಡೀ ಹೆಬ್ಬಾತಿನ ಹೊಟ್ಟೆಗೆ ಸೇಬು, ಈರುಳ್ಳಿ ತುಂಬಿ ಓವನ್ನಿನಲ್ಲಿ ಬೇಯಿಸಿದ್ದು. ಕಥೆ ಹೀಗಂತೆ: ಮಾರ್ಟಿನ್‌ಗೆ ಬಿಷಪ್ ಆಗೋದು ಬೇಡವಾಗಿ ಹೆಬ್ಬಾತುಗಳ ನಡುವೆ ಅಡಗಿ ಕೂತ, ಅವು ಕೂಗಿ ಅವನನ್ನು ಹಿಡಿದುಕೊಟ್ಟವು. ಆ ತಪ್ಪಿಗೆ ಇವತ್ತಿಗೂ ಓವನ್ನು! ನಮ್ಮಲ್ಲಿ ದೇವಿಯ ಹೆಸರಿತ್ತು. ಗಾಂಧೀಜಿ 1934ರಲ್ಲಿ ಶಿರಸಿಗೆ ಬಂದಿದ್ದರು. ಮಾರಿಕಾಂಬೆ ಜಾತ್ರೆಯ ಕೋಣನ ಬಲಿ ನಿಂತದ್ದು ಆ ಕಾಲದ ಪ್ರಭಾವದಿಂದಲೇ. ದೇವಿ ಕಾರಣವಾಗೋದು ನಿಂತಿತು. ನೆಂಟರು ಕಾರಣವಾಗೋದು ಹಾಗೇ ಉಳಿಯಿತು.

ಇಷ್ಟನ್ನೂ ನನ್ನ ಹಳೇ ರೂಮ್‌ಮೇಟ್ ಹತ್ರ ಹೇಳಿದೆ. ಯಲ್ಲಾಪುರದ ಕಡೆಯ ಭಟ್ಟರ ಹುಡುಗ. ನಮ್ಮನೆಗೆ ಬಂದರೆ ಅವನಿಗೆ ಬೇರೆ ಬಾಣಲೆಯಲ್ಲಿ ಕರಿದ ಕಜ್ಜಾಯ, ತೆಂಗಿನಕಾಯಿ ಚಟ್ನಿ. ಎಲ್ಲಾ ಕೇಳಿ ಅವನು ಅಂದ, "ನಿನ್ನ ಲಾಜಿಕ್ ಪೂರ್ತಿ ಉಣ್ಣೋರ ಬಗ್ಗೆ ಅದೆ ಮಾರಾಯಾ. ಹುಂಜಕ್ಕೆ ಎಂತ ವ್ಯತ್ಯಾಸ ಆತು?"

ಅಂಗಳದಲ್ಲಿ ಎಂಟು ತಿಂಗಳು ಕೆದಕಿಕೊಂಡು ತಿರುಗಿದ್ದು ವ್ಯತ್ಯಾಸ ಅಲ್ವಾ ಅಂದೆ. "ಅದು ಬದುಕಿಗೆ ಆತು. ಸಾವಿಗೆ?" ಅಂದ. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ನಾನು ಕೋಳಿ ಬಿಟ್ಟಿಲ್ಲ. ಆ್ಯಪಿನ ಕೋಳಿ ಮಾತ್ರ ಬಿಟ್ಟಿದ್ದೇನೆ. ಅದರಿಂದ ಹುಂಜಗಳಿಗೆ ಏನಾದರೂ ಲಾಭ ಆಯ್ತು ಅಂತ ಹೇಳಲಾರೆ.

ಅಮ್ಮನ ವಿಷಯ ಬೇರೆ. ಮರಿಯಿದ್ದಾಗ ಗಿಡುಗನಿಂದ ಕಾಯೋದು, ಸಂಜೆ ಬುಟ್ಟಿ ಕವುಚೋದು, ಯಾವುದನ್ನು ಕೊಯ್ಯಬೇಕು ಅಂತ ಚಿಕ್ಕಪ್ಪನಿಗೆ ತೋರಿಸೋದು, ಮಸಾಲೆ ಅರೆಯೋದು, ಎಲ್ಲಾ ಅವಳೇ. ಪೇಟೆಯಿಂದ ತಂದ ಕೋಳಿ ತಿನ್ನುತ್ತಾಳೆ. ತಾನು ಸಾಕಿದ್ದನ್ನು ತಿನ್ನಲ್ಲ. ನೆಂಟರದ್ದೆಲ್ಲಾ ಮುಗಿದ ಮೇಲೆ ಒಲೆ ಹತ್ತಿರ ಕೂತು ಚಟ್ನಿಗೆ ಕಜ್ಜಾಯ ಅದ್ದಿಕೊಂಡು ಉಣ್ಣುತ್ತಾಳೆ. ಯಾಕೆ ಅಂತ ಒಂದು ಸಲ ಕೇಳಿದ್ದೆ. "ನಂಗೆ ಅದು ಸೇರೂದಿಲ್ಲ. ನೀ ಉಣ್ಣು, ತೊಡೆ ಪೀಸು ತೆಗ್ದಿಟ್ಟಿದ್ದೆ" ಅಂದಳು.