ಪಹಣಿಯಲ್ಲಿಲ್ಲದ ಹೆಸರು

೨೦೨೦ರ ಯುಗಾದಿ ಬಂದದ್ದು ಮಾರ್ಚ್ ೨೫ರಂದು. ಹಿಂದಿನ ರಾತ್ರಿಯೇ ಲಾಕ್‌ಡೌನ್ ಘೋಷಣೆಯಾಗಿತ್ತು. ಹಬ್ಬಕ್ಕೆಂದು ಬಿಡಿಸಿದ್ದ ಸೇವಂತಿಗೆಯನ್ನು ನಮ್ಮ ಚಿಕ್ಕಬಳ್ಳಾಪುರದ ಕಡೆಯ ರೈತರು ತಿಪ್ಪೆಗೆ ಸುರಿದರು. ದೇವಸ್ಥಾನ ಮುಚ್ಚಿತ್ತು, ಮದುವೆಗಳು ನಿಂತಿದ್ದವು. ಮೂಟೆ ಕಟ್ಟಿಡಲು ಹೂವೇನು ರಾಗಿಯೇ?

ನಮ್ಮ ಒಂದೆಕರೆಯಲ್ಲೂ ಸೇವಂತಿಗೆಯೇ ಇತ್ತು. ನಮ್ಮದು ಎನ್ನುತ್ತೇನೆ, ಆ ಗಿಡಗಳಿಗೆ ಒಂದು ಚೊಂಬು ನೀರು ಹಾಕಿದವರಲ್ಲ ನಾವು. ಜಮೀನು ಅಮ್ಮನ ಹೆಸರಿನಲ್ಲಿದೆ. ವಾರಕ್ಕೆ ಮಾಡುವಾಕೆ ಅದೇ ಊರಿನ ಒಬ್ಬ ವಿಧವೆ. ಸಸಿ, ಗೊಬ್ಬರ, ಔಷಧಿ, ಬಿಡಿಸುವ ಕೂಲಿ ಎಲ್ಲ ಆಕೆಯದು. ಬಂದ ಹಣದಲ್ಲಿ ಮೂರರಲ್ಲೊಂದು ಪಾಲು ನಮಗೆ.

ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ೧,೬೧೦ ಕೋಟಿ ರೂಪಾಯಿಯ ಪರಿಹಾರ ಪ್ರಕಟಿಸಿತು. ಅದರಲ್ಲಿ ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ ೨೫,೦೦೦, ಒಂದು ಹೆಕ್ಟೇರಿನ ಮಿತಿಯಲ್ಲಿ. ನಾನು ಲೆಕ್ಕ ಹೇಳಿಕೊಡುವವಳು: ಎಕರೆಗೆ ಹತ್ತು ಸಾವಿರ. ಹಣ ಅಮ್ಮನ ಖಾತೆಗೆ ಬಂತು. ಪಹಣಿಯಲ್ಲಿರುವುದು ಅವಳ ಹೆಸರು ತಾನೆ? ವಾರಕ್ಕೆ ಮಾಡುವಾಕೆಯ ಹೆಸರು ಯಾವ ಕಾಗದದಲ್ಲೂ ಇಲ್ಲ, ಇರುವ ಹಾಗೂ ಇಲ್ಲ. ೧೯೭೪ರಲ್ಲಿ ಭೂಸುಧಾರಣೆ ಕಾಯ್ದೆ ತಿದ್ದುಪಡಿಯಾದ ಮೇಲೆ, ಸೈನಿಕರಂಥ ಕೆಲವರನ್ನು ಬಿಟ್ಟು ಉಳಿದವರು ಜಮೀನನ್ನು ಗೇಣಿಗೆ ಕೊಡುವುದೇ ನಿಷಿದ್ಧ. ಉಳುವವನಿಗೆ ನೆಲ ಸಿಗಲೆಂದು ತಂದ ಕಾನೂನು. ಎಷ್ಟೋ ಜನಕ್ಕೆ ಸಿಕ್ಕಿತು ಕೂಡ. ಆಮೇಲೆ ಬಂದ ಈಕೆಯಂಥವರಿಗೆ ಉಳಿದದ್ದು ಬರೀ ಬಾಯಿಮಾತು.

"ಈ ಸಲ ವಾರ ನಮಗೂ ಬಂದಿಲ್ಲವಲ್ಲೇ, ನಷ್ಟ ನಮ್ಮದೂ ಹೌದು" ಎಂದಳು ಅಮ್ಮ. ತಳ್ಳಿಹಾಕುವ ಮಾತಲ್ಲ. ತನ್ನದೆಂದು ನಾಲ್ಕು ಕಾಸು ಕೈಯಲ್ಲಿರಬೇಕೆಂಬ ಆಸೆ ಯಾವ ಹೆಂಗಸಿಗಿಲ್ಲ, ಹೇಳಿ? ಆದರೆ ವಾರದ ಲೆಕ್ಕ ಹಿಡಿದರೂ ಮೂರರಲ್ಲಿ ಎರಡು ಪಾಲು ಆಕೆಯದು, ೬,೬೬೬ ರೂಪಾಯಿ. ನಾನು ಐದು ಸಾವಿರ ಕೊಟ್ಟೆ. "ಕಷ್ಟಕಾಲ, ಇಟ್ಟುಕೊಳ್ಳಮ್ಮ" ಎಂದೆ. ಎಲ್ಲಿಂದ ಬಂತೆಂದು ಹೇಳಲಿಲ್ಲ. ಆಕೆ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. "ನಿಮ್ ಋಣ ಹೆಂಗ್ ತೀರಿಸ್ಲಿ ಟೀಚರಮ್ಮಾ" ಎಂದಳು.

ಅಂದು ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆದರೆ ಸುಳ್ಳಾದೀತು. ದಾನ ಮಾಡಿದವರ ನಿದ್ದೆ, ಚೆನ್ನಾಗಿಯೇ ಬಂತು. ಚುಚ್ಚಿದ್ದು ಗೌರಿ ಹಬ್ಬಕ್ಕೆ, ಆಕೆ ಮೂರು ಮಾರು ಹೂವು ತಂದು ದುಡ್ಡು ಬೇಡವೇ ಬೇಡ ಎಂದಾಗ. ಆಕೆಯ ಹಣದಿಂದಲೇ ಆಕೆಯ ಮೇಲೆ ಋಣ ಹೊರಿಸಿ, ಅದರ ಬಡ್ಡಿಯನ್ನು ನಾನು ಮುಡಿದುಕೊಂಡಿದ್ದೆ. ಅದೇ ಹಣ ಸರ್ಕಾರದಿಂದ ನೇರವಾಗಿ ಹೋಗಿದ್ದರೆ ಆಕೆ ಯಾರಿಗೂ ಕೈಮುಗಿಯಬೇಕಿರಲಿಲ್ಲ. ನಮ್ಮ ತರಗತಿಯಲ್ಲಿ ಒಬ್ಬ ಹುಡುಗಿ, ಬಿದ್ದು ಸಿಕ್ಕ ಪೆನ್ಸಿಲನ್ನು ಅದು ಯಾರದೋ ಅವಳಿಗೇ ಉಡುಗೊರೆಯೆಂದು ಕೊಟ್ಟಿದ್ದರೆ ಬೈಯದೆ ಬಿಡುತ್ತಿದ್ದೆನೇ?

೨೦೨೧ರ ಮೇನಲ್ಲಿ, ಎರಡನೇ ಅಲೆಯ ಹೊತ್ತಿಗೆ, ಮತ್ತೆ ಪರಿಹಾರ ಘೋಷಣೆಯಾಯಿತು. ಆ ಸಲ ಹೆಕ್ಟೇರಿಗೆ ೧೦,೦೦೦. ಖಾತೆಗೆ ನಾಲ್ಕು ಸಾವಿರ ಬಿದ್ದಾಗ ಅಮ್ಮ ಮುಖ ಗಂಟು ಹಾಕಿಕೊಂಡಳೇ ಹೊರತು ತಡೆಯಲಿಲ್ಲ. ಹಣದ ಜೊತೆ ಪಾಸ್‌ಬುಕ್ಕನ್ನೂ ಹಿಡಿದು ಹೊಲಕ್ಕೆ ಹೋದೆ. "ಇದು ನಿನ್ನ ಬೆಳೆಗೆ ಸರ್ಕಾರ ಕೊಟ್ಟದ್ದು. ಪೂರ್ತಿ ನಿನ್ನದೇ" ಎಂದೆ.

ಆಕೆ ಪಾಸ್‌ಬುಕ್ಕನ್ನು ಸ್ವಲ್ಪ ಹೊತ್ತು ನೋಡಿದಳು. "ಹೋದ್ ವರ್ಸಾನೂ ಬಂದಿತ್ತಾ ಟೀಚರಮ್ಮಾ? ಎಷ್ಟು?"

"ಹತ್ತು ಸಾವಿರ" ಎಂದೆ.

ಆಕೆ ಏನೂ ಹೇಳಲಿಲ್ಲ. ಮಡಿಲಲ್ಲಿದ್ದ ಹೂವನ್ನು ಬುಟ್ಟಿಗೆ ಸುರಿದು ಮುಂದಿನ ಸಾಲಿಗೆ ಹೋದಳು.